ಡಿಸ್ಕೋ ಡೌನ್‌ಲೋಡೋ: ವಿಮಾನ ಸಿಮ್ಯುಲೇಟರ್ ಪ್ರಶ್ನೋತ್ತರ

ಕಂಪ್ಯೂಟರಿನಲ್ಲಿ ವಿಮಾನ ಹಾರಿಸುವ ಆಟಗಳಾದ ಫ್ಲೈಟ್ ಸಿಮ್ಯುಲೇಟರ್‌ಗಳು ಡಿಸ್ಕಿನ ಪೆಟ್ಟಿಗೆಯಲ್ಲಿ ಸಿಗುವ ಕಾಲ ಮುಗಿಯುತ್ತಾ ಬಂತು, ಇನ್ನು ಡೌನ್‌ಲೋಡಿಗೇ ಒಗ್ಗಿಕೊಳ್ಳಬೇಕು ಎಂದು ಕಳೆದ ಸಂಚಿಕೆಯಲ್ಲಿ ಬರೆದಿದ್ದೆವು. ಒಪ್ಪಿದವರಿಗಿಂತ ಬೈದವರ ಪತ್ರಗಳೇ ಜಾಸ್ತಿ. ಹೆಚ್ಚಿನವು ಕಾಸರಗೋಡಿನ ಕಡೆಯವು, ಕೆಲವು ಹೊಸೂರು, ಅಕ್ಕಲಕೋಟೆ, ರಾಯದುರ್ಗದವು. ಒಂದೇ ಅರ್ಥದ ಪ್ರಶ್ನೆಗಳನ್ನು ಕೂಡಿಸಿ ಉತ್ತರ ಕೊಟ್ಟಿದ್ದೇವೆ.

ಪ್ರಶ್ನೆ: ಡಿಸ್ಕು ಕೈಯಲ್ಲಿದ್ದರೆ ಆಟ ನಮ್ಮದು, ಡೌನ್‌ಲೋಡ್ ಮಾಡಿದ್ದು ಎಂದಿದ್ದರೂ ಕಂಪನಿಯದ್ದು. ಫ್ಲೈಟ್ ಸಿಮ್ಯುಲೇಟರ್ 2004ರ ನಾಲ್ಕು ಸಿಡಿಯೂ ನನ್ನ ಕಪಾಟಿನಲ್ಲಿ ಉಂಟು. ಇದನ್ನು ಯಾರು ಕಸಿದುಕೊಳ್ಳುತ್ತಾರೆ, ಹೇಳಿ ನೋಡುವ?
— ಓದುಗರು, ಪೆರ್ಲ

ಉತ್ತರ: ಸಿಡಿಯನ್ನು ಯಾರೂ ಕಸಿಯುವುದಿಲ್ಲ. ಅದನ್ನು ಇವತ್ತಿನ ಕಂಪ್ಯೂಟರಿಗೆ ಹಾಕಿ ನೋಡಿ. 2003ರಲ್ಲಿ ಬಂದ ಆ ಆಟಕ್ಕೆ ನಾಲ್ಕನೆಯ ಸಿಡಿ ಡ್ರೈವಿನಲ್ಲಿ ಇರಲೇಬೇಕು. ಅದು ಅಸಲಿಯೋ ನಕಲಿಯೋ ಎಂದು ನೋಡುವ ಕೆಲಸ ಸೇಫ್‌ಡಿಸ್ಕ್ ಎಂಬ ಕಾವಲು ವ್ಯವಸ್ಥೆಯದ್ದು. ಆ ಕಾವಲುಗಾರನಿಗೆ ವಿಂಡೋಸ್ ಒಳಗೆ ಒಂದು ಡ್ರೈವರ್ ಬೇಕಿತ್ತು, 2015ರಲ್ಲಿ ಬಂದ ವಿಂಡೋಸ್ 10 ಭದ್ರತೆಯ ಕಾರಣಕ್ಕೆ ಅದನ್ನು ಕೈಬಿಟ್ಟಿತು. ಸಿಡಿ ಗೀರಿಲ್ಲದೆ ಹೊಳೆಯುತ್ತಿದ್ದರೂ ಆಟ ಏಳುವುದಿಲ್ಲ. ಅದನ್ನು ಆಡಬೇಕಿದ್ದರೆ ವಿಂಡೋಸ್ ಎಕ್ಸ್‌ಪಿಯ ಹಳೆಯ ಯಂತ್ರವೊಂದನ್ನು ನೆಟ್ಟಿಗೆ ಸೇರಿಸದೆ ಹಾಗೇ ಇಟ್ಟುಕೊಳ್ಳಿ.

ಅದೇ ಸರಣಿಯ ಮುಂದಿನ ಆಟ ಎಫ್‌ಎಸ್‌ಎಕ್ಸ್ (ಫ್ಲೈಟ್ ಸಿಮ್ಯುಲೇಟರ್ ಎಕ್ಸ್) 2006ರಲ್ಲಿ ಎರಡು ಡಿವಿಡಿಯಲ್ಲಿ ಬಂತು. ಅದಕ್ಕೆ ಡಿಸ್ಕು ಡ್ರೈವಿನಲ್ಲಿ ಬೇಡ, ಆದರೆ 25 ಅಕ್ಷರದ ಕೀ ಹಾಕಿ ಮೈಕ್ರೋಸಾಫ್ಟ್‌ನಿಂದ ಆಕ್ಟಿವೇಶನ್ ಪಡೆಯಬೇಕು. ಅಂದರೆ ಡಿಸ್ಕಿನ ಕಾಲದಲ್ಲೇ ಅಪ್ಪಣೆ ಕೊಡುವವ ದೂರ ಹೋಗಿ ಆಗಿತ್ತು. 2020ರ ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರಿಗೂ ಯುರೋಪಿನಲ್ಲಿ ಏರೋಸಾಫ್ಟ್‌ನವರು ಪೆಟ್ಟಿಗೆ ತಂದಿದ್ದರು, ಹತ್ತು ಡಬಲ್ ಲೇಯರ್ ಡಿವಿಡಿ. ಅದರೊಳಗೂ ಸ್ಟೋರಿನ ಕೋಡು ಇತ್ತು, ಖಾತೆ ಬೇಕಿತ್ತು, ಡಿಸ್ಕಿನಿಂದ ಹಾಕಿದ ಮೇಲೂ ಅಪ್‌ಡೇಟುಗಳನ್ನು ನೆಟ್ಟಿನಿಂದಲೇ ಇಳಿಸಬೇಕಿತ್ತು. ಆ ಹತ್ತು ಡಿಸ್ಕುಗಳಿಂದ ಆದ ಉಪಕಾರ ಮೊದಲ ಡೌನ್‌ಲೋಡ್ ಉಳಿದದ್ದು ಮಾತ್ರ.

ಆದ್ದರಿಂದ ಕೊಳ್ಳುವ ಮೊದಲು ಕೇಳಬೇಕಾದದ್ದು ‘ಡಿಸ್ಕು ಉಂಟೋ’ ಅಂತಲ್ಲ, ‘ಓಡಲು ಯಾರ ಅಪ್ಪಣೆ ಬೇಕು, ಎಷ್ಟು ಸಲ ಬೇಕು’ ಅಂತ. ಫ್ಲೈಟ್‌ಗಿಯರ್ ಎಂಬ ಸಿಮ್ಯುಲೇಟರಿಗೆ ಯಾರ ಅಪ್ಪಣೆಯೂ ಬೇಡ, ಅದು ಮುಕ್ತ ತಂತ್ರಾಂಶ. ಎಕ್ಸ್‌ಪ್ಲೇನ್ ಎಂಬ ಇನ್ನೊಂದನ್ನು ತಯಾರಕರಿಂದಲೇ ಕೊಂಡರೆ ಒಂದು ಕೀ ಸಿಗುತ್ತದೆ, ಆಗೊಮ್ಮೆ ಈಗೊಮ್ಮೆ ನೆಟ್ಟಿನಲ್ಲಿ ತಾಳೆ ನೋಡುತ್ತದೆ. ಆಟಗಳ ಆನ್‌ಲೈನ್ ಅಂಗಡಿಯಾದ ಸ್ಟೀಮ್‌ನಲ್ಲಿ ಕೊಂಡದ್ದು ಸ್ಟೀಮ್ ಖಾತೆಗೆ ಕಟ್ಟಿಕೊಂಡಿರುತ್ತದೆ. ಯುದ್ಧವಿಮಾನಗಳ ಆಟ ಡಿಸಿಎಸ್ ಮೂರು ದಿನಕ್ಕೊಮ್ಮೆ ಸರ್ವರಿಗೆ ಮುಖ ತೋರಿಸಬೇಕು. 2024ರ ಫ್ಲೈಟ್ ಸಿಮ್ಯುಲೇಟರಿಗೆ ಹಾರಾಟದ ಉದ್ದಕ್ಕೂ ಸರ್ವರ್ ಬೇಕು. ನಿಮ್ಮ ಸಿಟ್ಟು ನ್ಯಾಯದ್ದೇ, ಡೌನ್‌ಲೋಡಿನ ಮೇಲೆ ತೀರಿಸಿಕೊಳ್ಳಬೇಡಿ, ಈ ಸಾಲಿನ ಕೊನೆಯವುಗಳ ಮೇಲೆ ಇರಲಿ.

ಪ್ರಶ್ನೆ: ಎಫ್‌ಎಸ್‌ಎಕ್ಸ್ ಡಿವಿಡಿಯ ಮೇಲೆ ಬಿಳಿ ಬಲೆಯಂತೆ ಏನೋ ಹಬ್ಬಿದೆ. ಡ್ರೈವು ಕರ ಕರ ಎನ್ನುತ್ತದೆ, ಅರ್ಧಕ್ಕೆ ನಿಲ್ಲುತ್ತದೆ. ಉಳಿಸಬಹುದೇ?
— ಕುಂಬಳೆ

ಉತ್ತರ: ಅದು ಬೂಸ್ಟು. ಕರಾವಳಿಯ ಮಳೆಗಾಲದಲ್ಲಿ ಚರ್ಮದ ಚಪ್ಪಲಿಗೆ ಹಿಡಿಯುವಂಥದ್ದೇ. ಉಗುರು ಬೆಚ್ಚಗಿನ ನೀರಿಗೆ ಒಂದು ತೊಟ್ಟು ಪಾತ್ರೆ ತೊಳೆಯುವ ದ್ರವ ಹಾಕಿ, ಹತ್ತಿಯ ಮೆತ್ತನೆ ಬಟ್ಟೆಯಲ್ಲಿ ನಡುವಿನಿಂದ ಅಂಚಿಗೆ ನೇರ ಗೆರೆ ಎಳೆದ ಹಾಗೆ ಒರೆಸಿ. ವೃತ್ತಾಕಾರಕ್ಕೆ ಉಜ್ಜಬೇಡಿ. ಅಡ್ಡ ಬಿದ್ದ ಗೀರನ್ನು ಡ್ರೈವು ದಾಟಿಕೊಂಡೀತು, ಸುತ್ತಿನ ಉದ್ದಕ್ಕೆ ಬಿದ್ದ ಗೀರು ಒಂದೇ ಕಡೆಯ ಮಾಹಿತಿಯನ್ನೆಲ್ಲ ನುಂಗುತ್ತದೆ. ಥಿನ್ನರು, ಪೆಟ್ರೋಲು ಮುಟ್ಟಿಸಲೇಬೇಡಿ. ಒಣಗಿದ ಮೇಲೆ ಬೆಳಕಿಗೆ ಹಿಡಿದು ನೋಡಿ. ಸೂಜಿಮೊನೆಯಷ್ಟು ತೂತುಗಳಲ್ಲಿ ಬೆಳಕು ಕಂಡರೆ ಒಳಪದರವೇ ಹೋಗಿದೆ, ಇನ್ನು ತೊಳೆದು ಫಲವಿಲ್ಲ.

ಓದಿದರೆ ಅದೇ ದಿನ ಎರಡೂ ಡಿಸ್ಕಿನ ಐಎಸ್‌ಒ (ಇಡೀ ಡಿಸ್ಕನ್ನು ಒಂದೇ ಫೈಲಿನಲ್ಲಿ ತುಂಬಿದ ಪ್ರತಿ) ಮಾಡಿ ಇಡಿ. ವಿಂಡೋಸ್ 8ರಿಂದ ಈಚೆಗೆ ಐಎಸ್‌ಒ ಫೈಲಿನ ಮೇಲೆ ಎರಡು ಸಲ ಒತ್ತಿದರೆ ಡಿಸ್ಕು ಹಾಕಿದಂತೆಯೇ ತೆರೆದುಕೊಳ್ಳುತ್ತದೆ. ಯುಎಸ್‌ಬಿ ಡಿವಿಡಿ ಡ್ರೈವು ಬಳಸುವುದಾದರೆ ಹಬ್‌ಗೆ ಸಿಕ್ಕಿಸದೆ ನೇರ ಕಂಪ್ಯೂಟರಿಗೇ ಸಿಕ್ಕಿಸಿ. ತಿರುಗಲು ಕರೆಂಟು ಸಾಲದೆ ನಿಲ್ಲುವುದನ್ನೇ ಎಷ್ಟೋ ಜನ ಡಿಸ್ಕು ಹಾಳಾಯಿತು ಎಂದುಕೊಳ್ಳುತ್ತಾರೆ. ಹಿಂದಿನ ಪ್ರಶ್ನೆಯ 2004ರ ನಾಲ್ಕನೇ ಸಿಡಿಗೆ ಮಾತ್ರ ಈ ಉಪಾಯ ನಡೆಯುವುದಿಲ್ಲ. ಸೇಫ್‌ಡಿಸ್ಕಿನವರು ಬೇಕೆಂದೇ ಕೆಟ್ಟ ಸೆಕ್ಟರ್‌ಗಳನ್ನು ಅದರಲ್ಲಿ ಇಟ್ಟಿದ್ದಾರೆ, ಸಾಮಾನ್ಯ ಕಾಪಿ ಅಲ್ಲೇ ಎಡವುತ್ತದೆ.

ಪ್ರಶ್ನೆ: ನಮ್ಮ ನೆಟ್ಟಿನಲ್ಲಿ 100 ಜಿಬಿ ಇಳಿಯಲು ಎಷ್ಟು ದಿನ? ಪೇಟೆಯಲ್ಲಿರುವ ಭಾವನ ಮನೆಯಲ್ಲಿ ಇಳಿಸಿ ಹಾರ್ಡ್‌ಡಿಸ್ಕಿನಲ್ಲಿ ತಂದರೆ ನಡೆಯುತ್ತದೆಯೇ?
— ಮುಳ್ಳೇರಿಯ, ಬೋವಿಕ್ಕಾನ ಕಡೆಯ ಮೂವರು

ಉತ್ತರ: ಮೊದಲು ಲೆಕ್ಕ. ನೆಟ್ಟಿನವರು ಹೇಳುವ ವೇಗ ಮೆಗಾಬಿಟ್, ಫೈಲಿನ ಗಾತ್ರ ಬೈಟು, ನಡುವೆ ಎಂಟರ ವ್ಯತ್ಯಾಸ. 40 ಎಂಬಿಪಿಎಸ್ ಫೈಬರಿನಲ್ಲಿ ಸೆಕೆಂಡಿಗೆ 5 ಎಂಬಿ, 100 ಜಿಬಿಗೆ ಸುಮಾರು ಐದೂವರೆ ಗಂಟೆ. 20 ಎಂಬಿಪಿಎಸ್ ಆದರೆ 11 ಗಂಟೆ. 5 ಎಂಬಿಪಿಎಸ್ ಆದರೆ 44 ಗಂಟೆ. ಇವೆಲ್ಲ ಕಾಗದದ ಲೆಕ್ಕ, ಮೇಲೆ ಕಾಲುಭಾಗ ಸೇರಿಸಿಕೊಳ್ಳಿ. ದಿನಕ್ಕೆ 2 ಜಿಬಿಯ ಮೊಬೈಲ್ ಪ್ಯಾಕಿನಲ್ಲಿ 50 ದಿನ ಬೇಕು, ಅಷ್ಟರಲ್ಲಿ ಹೊಸ ಅಪ್‌ಡೇಟು ಬಂದು ಕೂತಿರುತ್ತದೆ. ಫೈಬರಿನವರು ಮಾಸಿಕ ಮಿತಿಯನ್ನೂ ನೋಡಿಕೊಳ್ಳಿ. ಮಿತಿ ದಾಟಿದರೆ ನೆಟ್ಟು ನಿಲ್ಲುವುದಿಲ್ಲ, ವೇಗ ಬಿದ್ದುಹೋಗುತ್ತದೆ, ಮತ್ತೆ ಸ್ಟೀಮ್‌ಗೆ ಬೈಯುತ್ತಾ ಕೂರುತ್ತೀರಿ.

ಇನ್ನೊಂದು ಗೊಂದಲ: ಡೌನ್‌ಲೋಡಿನ ಗೆರೆ ಮೇಲೆ ಕೆಳಗೆ ಕುಣಿಯುತ್ತಿದ್ದರೆ ತಪ್ಪು ನೆಟ್ಟಿನದ್ದೇ ಆಗಬೇಕಿಲ್ಲ. ಸ್ಟೀಮ್ ಒತ್ತಿದ ಫೈಲನ್ನು ಇಳಿಸುತ್ತಲೇ ಬಿಚ್ಚುತ್ತದೆ. ಹಳೆಯ ತಿರುಗುವ ಹಾರ್ಡ್‌ಡಿಸ್ಕು ಬರೆಯುವಷ್ಟು ಹೊತ್ತು ನೆಟ್ಟು ಕಾಯುತ್ತಿರುತ್ತದೆ. ಟಾಸ್ಕ್ ಮ್ಯಾನೇಜರಿನಲ್ಲಿ ಡಿಸ್ಕ್ 100 ಪ್ರತಿಶತ ಎಂದು ತೋರಿಸಿದರೆ ಅದೇ ಕಾರಣ. ಎಸ್‌ಎಸ್‌ಡಿ ಹಾಕಿಸಿ, ಪ್ಲಾನು ಬದಲಿಸಬೇಡಿ.

ಭಾವನ ಮನೆಯ ಉಪಾಯ ಚೆನ್ನಾಗಿಯೇ ನಡೆಯುತ್ತದೆ. ಅಲ್ಲಿ ನಿಮ್ಮದೇ ಖಾತೆಯಿಂದ ಲಾಗಿನ್ ಆಗಿ ಇಳಿಸಬೇಕು. ಹಾರ್ಡ್‌ಡಿಸ್ಕನ್ನು ಮೊದಲೇ ಎನ್‌ಟಿಎಫ್‌ಎಸ್ ಅಥವಾ ಎಕ್ಸ್‌ಫ್ಯಾಟ್ ಮಾದರಿಗೆ ಫಾರ್ಮ್ಯಾಟ್ ಮಾಡಿಕೊಳ್ಳಿ. ಫ್ಯಾಟ್ 32ರಲ್ಲಿ 4 ಜಿಬಿ ಮೀರಿದ ಫೈಲು ಹೋಗುವುದಿಲ್ಲ, ಬಸ್ಸಿನಲ್ಲಿ ಮನೆಗೆ ಬಂದ ಮೇಲೆ ಗೊತ್ತಾಗಿ ಪ್ರಯೋಜನವಿಲ್ಲ.

ಎಕ್ಸ್‌ಪ್ಲೇನ್ ಎಲ್ಲಕ್ಕಿಂತ ಸುಲಭ. ಅದರ ಇಡೀ ಸಂಸಾರ ಒಂದೇ ಫೋಲ್ಡರಿನಲ್ಲಿ ಇರುತ್ತದೆ. ಫೋಲ್ಡರನ್ನು ಎತ್ತಿ ತಂದು ಬೇಕಾದ ಡ್ರೈವಿನಲ್ಲಿ ಇಟ್ಟು ಕೀ ಹಾಕಿದರೆ ಮುಗಿಯಿತು. ಸ್ಟೀಮ್ ಆಟಕ್ಕೆ ಸ್ಟೀಮ್‌ಆ್ಯಪ್ಸ್ ಎಂಬ ಫೋಲ್ಡರಿನ ಒಳಗೆ, ಕಾಮನ್ ಎಂಬುದರಲ್ಲಿರುವ ಆಟದ ಫೋಲ್ಡರು, ಅದರ ಜೊತೆಗೆ ಹೊರಗೆ ಆ್ಯಪ್‌ಮ್ಯಾನಿಫೆಸ್ಟ್ ಎಂದು ಶುರುವಾಗಿ ಒಂದು ಸಂಖ್ಯೆ ಇರುವ ಪುಟ್ಟ ಫೈಲು, ಎರಡನ್ನೂ ತರಬೇಕು. ಹೆಚ್ಚಿನವರು ಮರೆಯುವುದು ಆ ಪುಟ್ಟ ಫೈಲನ್ನು. ಅದಿಲ್ಲದಿದ್ದರೆ ಸ್ಟೀಮ್‌ಗೆ ಆಟ ಬಂದದ್ದೇ ತಿಳಿಯುವುದಿಲ್ಲ. ಮರೆತಿದ್ದರೆ ಅದೇ ಜಾಗಕ್ಕೆ ಇನ್‌ಸ್ಟಾಲ್ ಒತ್ತಿ, ಇರುವ ಫೈಲುಗಳನ್ನು ತಾಳೆ ನೋಡಿ ಕೊರತೆಯಷ್ಟನ್ನೇ ಇಳಿಸುತ್ತದೆ.

2020ರ ಫ್ಲೈಟ್ ಸಿಮ್ಯುಲೇಟರಿನದ್ದು ಬೇರೆ ಕತೆ. ಸ್ಟೀಮ್‌ನಲ್ಲಿ ಇಳಿಯುವುದು ಬರೀ ಬಾಗಿಲು, ಮನೆಯೆಲ್ಲ ಆಟ ತೆರೆದ ಮೇಲೆ ಅದರೊಳಗಿನ ಡೌನ್‌ಲೋಡರಿನಿಂದ ಇಳಿಯುತ್ತದೆ. ನೀವು ತರಬೇಕಾದದ್ದು ಅಫಿಶಿಯಲ್, ಕಮ್ಯುನಿಟಿ ಎಂಬ ಎರಡು ಫೋಲ್ಡರು. ಅವು ಎಲ್ಲಿವೆ ಎಂಬುದು ಯೂಸರ್‌ಸಿಎಫ್‌ಜಿ ಎಂಬ ಫೈಲಿನ ಕೊನೆಯ ಸಾಲಿನಲ್ಲಿ ಬರೆದಿರುತ್ತದೆ, ನೋಟ್‌ಪ್ಯಾಡಿನಲ್ಲಿ ತೆರೆದು ನೋಡಿ. ಅಫಿಶಿಯಲ್ ಒಳಗೆ ಸ್ಟೀಮ್‌ನಲ್ಲಿ ಕೊಂಡವರಿಗೆ ಸ್ಟೀಮ್ ಎಂದೂ ಮೈಕ್ರೋಸಾಫ್ಟ್ ಸ್ಟೋರಿನವರಿಗೆ ಒನ್‌ಸ್ಟೋರ್ ಎಂದೂ ಉಪಫೋಲ್ಡರು ಇರುತ್ತದೆ. ನೀವು ಕೊಂಡ ಕಡೆಗೆ ಹೆಸರು ಹೊಂದದಿದ್ದರೆ ಆಟವು ಏನೂ ಇಲ್ಲವೆಂದುಕೊಂಡು ಮೊದಲಿಂದ ಇಳಿಸಲು ಹೊರಡುತ್ತದೆ. ನಿಮ್ಮ ಯಂತ್ರದಲ್ಲಿ ಮೊದಲ ಸಲ ತೆರೆದಾಗ ಜಾಗ ಕೇಳುವಲ್ಲಿ ಈ ಫೋಲ್ಡರುಗಳ ತಾಯಿ ಫೋಲ್ಡರನ್ನು ತೋರಿಸಿ. ನಡುವೆ ಕರೆಂಟು ಹೋಗಿ ಒಂದೇ ಪ್ಯಾಕೇಜು ಮತ್ತೆ ಮತ್ತೆ ಇಳಿಯುತ್ತಿದ್ದರೆ, ಅರ್ಧ ಇಳಿದ ಆ ಫೈಲನ್ನು ಅಳಿಸಿ ಆಟವನ್ನು ಪುನಃ ತೆರೆಯಿರಿ.

ಪ್ರಶ್ನೆ: ಎಕ್ಸ್‌ಪ್ಲೇನ್ 12ರಲ್ಲಿ ಇಡೀ ಪ್ರಪಂಚ ಬೇಡ. ದಕ್ಷಿಣ ಭಾರತ ಸಾಕು. ಎಷ್ಟು ಚೌಕ ಹಾಕಿಕೊಳ್ಳಬೇಕು?
— ಹೊಸೂರು

ಉತ್ತರ: ಡೌನ್‌ಲೋಡಿನಲ್ಲಿ ಡಿಸ್ಕಿಗಿಂತ ನಿಜವಾಗಿ ಮೇಲಾದದ್ದು ಇದೊಂದು. ಇನ್‌ಸ್ಟಾಲರ್ ತೆರೆದಾಗ ಭೂಪಟ ಬರುತ್ತದೆ, ಅದರಲ್ಲಿ 10 ಡಿಗ್ರಿಗೆ 10 ಡಿಗ್ರಿಯ ಚೌಕಗಳು. ಬೇಕಾದ್ದನ್ನು ಒತ್ತಿದರೆ ಆಯಿತು. ನಾಳೆ ಇನ್ನೊಂದು ಬೇಕೆನಿಸಿದರೆ ಅದೇ ಇನ್‌ಸ್ಟಾಲರನ್ನು ಪುನಃ ಓಡಿಸಿ ಸೇರಿಸಬಹುದು, ಬೇಡವಾದ್ದನ್ನು ತೆಗೆಯಬಹುದು.

ನಿಮಗೆ ಮೊದಲು ಬೇಕಾದದ್ದು +10+070 ಎಂಬ ಚೌಕ. ಅಕ್ಷಾಂಶ 10ರಿಂದ 20, ರೇಖಾಂಶ 70ರಿಂದ 80. ಇಡೀ ಕರ್ನಾಟಕ, ಕಾಸರಗೋಡು, ಗೋವಾ, ಮುಂಬೈ, ಹೈದರಾಬಾದು, ಕೊಯಮತ್ತೂರು, ನಿಮ್ಮ ಹೊಸೂರು, ಎಲ್ಲ ಇದೊಂದರಲ್ಲೇ. ಕೊಚ್ಚಿಯ ನೆಡುಂಬಾಶ್ಶೇರಿ ನಿಲ್ದಾಣ 10 ಡಿಗ್ರಿ ಗೆರೆಯಿಂದ ಚೂರು ಮೇಲಿರುವುದರಿಂದ ಒಳಗೇ ಬಂತು, ಆದರೆ ಕೊಚ್ಚಿ ನಗರದ ದಕ್ಷಿಣದ ನೆಲವೆಲ್ಲ ಕೆಳಗಿನ ಚೌಕದ್ದು. ತಿರುವನಂತಪುರ, ಮದುರೆ ಬೇಕಿದ್ದರೆ +00+070 ಹಾಕಬೇಕು.

ಹೊಸೂರಿನವರಿಗೆ ಮೋಸ ಆಗುವುದು ಚೆನ್ನೈಯಲ್ಲಿ. 80 ಡಿಗ್ರಿ ರೇಖಾಂಶ ಚೆನ್ನೈ ವಿಮಾನ ನಿಲ್ದಾಣಕ್ಕೆ ಸುಮಾರು 18 ಕಿಲೋಮೀಟರ್ ಪಶ್ಚಿಮದಲ್ಲಿ ಹಾದುಹೋಗುತ್ತದೆ. ಒಂದೇ ಚೌಕ ಹಾಕಿಕೊಂಡು ಬೆಂಗಳೂರಿನಿಂದ ಹೊರಟರೆ ಶ್ರೀಪೆರಂಬುದೂರಿನವರೆಗೆ ನೆಲ ಸರಿಯಾಗಿ ಕಾಣುತ್ತದೆ. ಇನ್ನೇನು ಚಕ್ರ ಇಳಿಸಬೇಕು ಅನ್ನುವಾಗ ಭೂಮಿ ಕತ್ತರಿಸಿದಂತೆ ನಿಂತು ನೀಲಿ ಸಮುದ್ರ ಶುರು. ಆಟ ಕೆಟ್ಟಿಲ್ಲ, ಇನ್‌ಸ್ಟಾಲ್ ಆಗದ ಜಾಗವನ್ನೆಲ್ಲ ಎಕ್ಸ್‌ಪ್ಲೇನ್ ನೀರೆಂದೇ ತೋರಿಸುತ್ತದೆ. +10+080 ಕೂಡ ಹಾಕಿಬಿಡಿ. ಅದರಲ್ಲಿ ಹೆಚ್ಚಿನ ಪಾಲು ಬಂಗಾಳ ಕೊಲ್ಲಿಯೇ.

ಪ್ರಶ್ನೆ: ಡಿಸ್ಕಿನ ಎಫ್‌ಎಸ್‌ಎಕ್ಸ್ ಬಿಟ್ಟು ಸ್ಟೀಮ್ ಆವೃತ್ತಿಗೆ ಹೋಗಬೇಕೆಂದಿದ್ದೇನೆ. ಹತ್ತು ವರ್ಷದಿಂದ ಕೂಡಿಸಿದ ವಿಮಾನ, ನಿಲ್ದಾಣಗಳ ಗತಿ ಏನು?
— ಅಕ್ಕಲಕೋಟೆ

ಉತ್ತರ: ಬಹುಪಾಲು ಬರುತ್ತವೆ, ಕ್ರಮ ತಪ್ಪಬಾರದು ಅಷ್ಟೆ. 2014ರ ಡಿಸೆಂಬರಿನಲ್ಲಿ ಡವ್‌ಟೇಲ್ ಗೇಮ್ಸ್ ತಂದ ಸ್ಟೀಮ್ ಆವೃತ್ತಿಯಲ್ಲಿ ತಿದ್ದುಪಡಿಗಳ ಎರಡು ಸರ್ವಿಸ್ ಪ್ಯಾಕೂ ಆ್ಯಕ್ಸಲರೇಶನ್ ಎಂಬ ವಿಸ್ತರಣೆಯ ಪ್ಯಾಕೂ ಸೇರಿಯೇ ಇವೆ. ಅವನ್ನು ಬೇರೆಯಾಗಿ ಹಾಕಲು ಹೋಗಬೇಡಿ.

ಕೆಡುವುದು ಎರಡೂ ಆವೃತ್ತಿ ಒಂದೇ ಯಂತ್ರದಲ್ಲಿ ಇದ್ದಾಗ. ಡಿಸ್ಕಿನದ್ದು ಇದೆಯೆಂದು ಕಂಡರೆ, ಅಥವಾ ತೆಗೆದ ಮೇಲೂ ಅದರ ಗುರುತು ರಿಜಿಸ್ಟ್ರಿಯಲ್ಲಿ (ವಿಂಡೋಸಿನ ಒಳಗಿನ ದಾಖಲೆಯಲ್ಲಿ) ಉಳಿದಿದ್ದರೆ, ಸ್ಟೀಮ್ ಆವೃತ್ತಿ ಎಫ್‌ಎಸ್‌ಎಕ್ಸ್-ಎಸ್‌ಇ ಎಂಬ ಬೇರೆ ಹೆಸರಿನಲ್ಲಿ ತನ್ನ ಸೆಟ್ಟಿಂಗುಗಳನ್ನು ಇಡುತ್ತದೆ. ನೀವು ಕೂಡಿಸಿದ ವಿಮಾನಗಳ ಹಳೆಯ ಇನ್‌ಸ್ಟಾಲರುಗಳಿಗೆ ಆ ಹೆಸರು ಗೊತ್ತಿಲ್ಲ. ಅವು ಹಳೆಯ ಜಾಗ ಹುಡುಕಿಕೊಂಡು ಹೋಗಿ, ಖಾಲಿ ಫೋಲ್ಡರಿನಲ್ಲಿ ವಿಮಾನ ಇಳಿಸಿ, ‘ಯಶಸ್ವಿಯಾಗಿದೆ’ ಎಂದು ಹೇಳಿ ಮುಗಿಸುತ್ತವೆ. ಪಟ್ಟಿಯಲ್ಲಿ ಮಾತ್ರ ವಿಮಾನ ಇಲ್ಲ. ಆದ್ದರಿಂದ ಮೊದಲು ಡಿಸ್ಕಿನದ್ದನ್ನು ಪೂರ್ತಿ ತೆಗೆದು, ರಿಜಿಸ್ಟ್ರಿಯಲ್ಲಿ ಉಳಿದ ಅದರ ಗುರುತನ್ನೂ ತೆಗೆದು, ಆಮೇಲೆ ಸ್ಟೀಮ್‌ನದ್ದು ಹಾಕಿ. ತೆಗೆಯುವ ಮೊದಲು ಸಿಮ್‌ಆಬ್ಜೆಕ್ಟ್ಸ್ ಒಳಗಿನ ವಿಮಾನಗಳು, ಗೇಜಸ್, ಎಫೆಕ್ಟ್ಸ್, ಆ್ಯಡ್‌ಆನ್ ಸೀನರಿ, ಈ ನಾಲ್ಕನ್ನು ಬೇರೆ ಡ್ರೈವಿಗೆ ಕಾಪಿ ಮಾಡಿ. ಸ್ಟೀಮ್ ಲೈಬ್ರರಿಯನ್ನು ಪ್ರೋಗ್ರಾಮ್ ಫೈಲ್ಸ್ ಒಳಗೆ ಇಡದೆ ಡಿ ಡ್ರೈವಿನಲ್ಲಿ ಇಡಿ. ಇಲ್ಲದಿದ್ದರೆ ಪ್ರತಿ ಫೈಲು ಬದಲಿಸುವಾಗಲೂ ವಿಂಡೋಸ್ ಅನುಮತಿ ಕೇಳುತ್ತದೆ, ಕೆಲವೊಮ್ಮೆ ಕೇಳದೆಯೇ ತಡೆಯುತ್ತದೆ.

ಫೋಲ್ಡರು ಕಾಪಿ ಮಾಡಿ ಹಾಕುವ ವಿಮಾನಗಳು ಹಾಗೇ ಓಡುತ್ತವೆ. ಹವಾಮಾನ, ವಿಮಾನ ಸಂಚಾರದಂಥ ಹೊರಗಿನ ಪ್ರೋಗ್ರಾಮುಗಳು ಸಂಪರ್ಕ ಸಿಗದೆ ಸುಮ್ಮನೆ ಕೂತರೆ ಕಾರಣ ಅವನ್ನು ಆಟಕ್ಕೆ ಜೋಡಿಸುವ ಕೊಂಡಿ ಸಿಮ್‌ಕನೆಕ್ಟ್. ಹಳೆಯ ಆವೃತ್ತಿಯ ಸಿಮ್‌ಕನೆಕ್ಟ್‌ಗಳು ಆಟದ ಫೋಲ್ಡರಿನಲ್ಲೇ, ಎಸ್‌ಡಿಕೆ ಒಳಗೆ ಲೆಗಸಿ ಇಂಟರ್‌ಫೇಸಸ್ ಎಂಬ ಜಾಗದಲ್ಲಿ ಇರುತ್ತವೆ. ಅವನ್ನು ಒಂದೊಂದಾಗಿ ಇನ್‌ಸ್ಟಾಲ್ ಮಾಡಿ. ಸ್ಟೀಮ್‌ಗೆ ಬಂದರೆ ನೆನಪು ಸಾಲದೆ ಆಟ ನಿಲ್ಲುವ ‘ಔಟ್ ಆಫ್ ಮೆಮೊರಿ’ ತೊಂದರೆ ಹೋಗುತ್ತದೆಂಬ ಆಸೆ ಬೇಡ. ಇದೂ 32 ಬಿಟ್ಟಿನದ್ದೇ, 4 ಜಿಬಿಯ ಮೇಲೆ ಮುಟ್ಟಲಾರದು.

ಪ್ರಶ್ನೆ: ದುಬೈಯಲ್ಲಿರುವ ಅಣ್ಣ ಉಡುಗೊರೆ ಕೊಡುತ್ತೇನೆ ಎನ್ನುತ್ತಿದ್ದಾರೆ. ಅಲ್ಲಿಂದ ಕೊಂಡು ಕಳಿಸಿದರೆ ಇಲ್ಲಿ ಓಡುತ್ತದೆಯೇ?
— ಉಪ್ಪಳ

ಉತ್ತರ: ಎಕ್ಸ್‌ಪ್ಲೇನನ್ನು ತಯಾರಕರಿಂದಲೇ ಕೊಂಡರೆ ಬರೀ ಕೀ, ವಾಟ್ಸಾಪಿನಲ್ಲೂ ಕಳಿಸಬಹುದು. ಸ್ಟೀಮ್‌ನಲ್ಲಿ ಎರಡು ದೇಶಗಳ ಬೆಲೆಯಲ್ಲಿ ಅಂತರ ಜಾಸ್ತಿ ಇದ್ದರೆ ಉಡುಗೊರೆ ಹೋಗುವುದೇ ಇಲ್ಲ. ಅಣ್ಣನ ಖಾತೆಯಲ್ಲಿ ಕೊಂಡು ಪಾಸ್‌ವರ್ಡ್ ಹಂಚಿಕೊಳ್ಳುವುದು ನಿಯಮಕ್ಕೆ ವಿರುದ್ಧ, ಮೇಲಾಗಿ ಕೋಡು ಬರುವುದು ಅವರ ಫೋನಿಗೆ. ಅದಕ್ಕಿಂತ ಹಣವನ್ನೇ ಕಳಿಸಲು ಹೇಳಿ. ನಿಮ್ಮ ಖಾತೆಯಲ್ಲಿ ರೂಪಾಯಿಯಲ್ಲೇ ಕೊಳ್ಳಿ.

ಪ್ರಶ್ನೆ: ಸ್ಟೀಮ್‌ನಲ್ಲಿ ಕೊಳ್ಳುವುದೋ, ತಯಾರಕರ ಅಂಗಡಿಯಲ್ಲೋ? ಇಷ್ಟವಾಗದಿದ್ದರೆ ಹಣ ವಾಪಸು ಸಿಗುವುದು ಎಲ್ಲಿ?
— ರಾಯದುರ್ಗ

ಉತ್ತರ: ವಾಪಸಾತಿ ಸ್ಟೀಮ್‌ನಲ್ಲಿ ಸಲೀಸು. ಕೊಂಡು 14 ದಿನದೊಳಗೆ, ಆಡಿದ್ದು 2 ಗಂಟೆಗಿಂತ ಕಡಿಮೆ ಇರಬೇಕು. ಆದರೆ ಮೇಲೆ ಹೇಳಿದ 2020ರ ಆಟದಲ್ಲಿ ಒಳಗಿನ ಡೌನ್‌ಲೋಡ್ ನಡೆಯುವಾಗ ಆಟ ತೆರೆದೇ ಇರುತ್ತದೆ, ಸ್ಟೀಮ್‌ನ ಗಡಿಯಾರ ಓಡುತ್ತಲೇ ಇರುತ್ತದೆ. ರಾತ್ರಿ ಹಚ್ಚಿಟ್ಟು ಮಲಗಿದರೆ ಬೆಳಿಗ್ಗೆ ಹೊತ್ತಿಗೆ ವಿಮಾನ ಏರದೆಯೇ ಎಂಟು ಗಂಟೆ ‘ಆಡಿ’ ಆಗಿರುತ್ತದೆ. ನಿಮ್ಮ ಯಂತ್ರಕ್ಕೆ ತಡೆಯುತ್ತದೋ ಎಂದು ಕೊಂಡು ನೋಡುವ ಧೈರ್ಯ ಈ ಒಂದು ಆಟದಲ್ಲಿ ಬೇಡ. ಎಕ್ಸ್‌ಪ್ಲೇನಿಗೆ ಉಚಿತ ಡೆಮೊ ಉಂಟು, ಅದನ್ನು ಮೊದಲು ಓಡಿಸಿ ನೋಡಿ.

ಡಿಸಿಎಸ್‌ನಲ್ಲಿ ದಾರಿ ಒಂದೇ ಕಡೆಗೆ. ಸ್ಟೀಮ್‌ನಲ್ಲಿ ಕೊಂಡ ವಿಮಾನವನ್ನು ಖಾತೆ ಜೋಡಿಸಿ ಅವರ ಸ್ವಂತ ಆವೃತ್ತಿಗೆ ಒಯ್ಯಬಹುದು, ಅಲ್ಲಿ ಕೊಂಡದ್ದನ್ನು ಸ್ಟೀಮ್‌ಗೆ ತರಲಾಗದು. ಎಕ್ಸ್‌ಪ್ಲೇನನ್ನು ತಯಾರಕರಿಂದಲೇ ಕೊಳ್ಳಿ ಎಂಬುದು ನಮ್ಮ ಅಭಿಪ್ರಾಯ. ಸ್ಟೀಮ್‌ನ ನೆರಳಿಲ್ಲದೆ ಓಡುವ ಕೀ ಕೈಯಲ್ಲಿರುವುದು ಒಳ್ಳೆಯದು. ಡಾಲರಿನಲ್ಲಿ ಪಾವತಿಸುವಾಗ ಕಾರ್ಡಿನ ಅಂತರರಾಷ್ಟ್ರೀಯ ವಹಿವಾಟನ್ನು ಬ್ಯಾಂಕಿನ ಆ್ಯಪಿನಲ್ಲಿ ತೆರೆದು, ಕೆಲಸ ಮುಗಿದ ಕೂಡಲೇ ಮುಚ್ಚಿ. ಆ್ಯಡ್‌ಆನ್‌ಗಳ (ಬೇರೆಯಾಗಿ ಕೊಂಡು ಸೇರಿಸುವ ವಿಮಾನ, ನಿಲ್ದಾಣಗಳ) ಇನ್‌ಸ್ಟಾಲರನ್ನೂ ಸೀರಿಯಲ್ಲನ್ನೂ ಎರಡು ಕಡೆ ಇಟ್ಟುಕೊಳ್ಳಿ, ಕೆಲವು ಅಂಗಡಿಗಳು ಇಷ್ಟು ಅವಧಿಯ ನಂತರ ಮರುಡೌನ್‌ಲೋಡ್ ಕೊಡುವುದಿಲ್ಲ.

ಪ್ರಶ್ನೆ: 2024ರದ್ದು ಬರೀ 50 ಜಿಬಿ ಜಾಗ ಕೇಳುತ್ತದೆ, 2020ರದ್ದು 150. ಹಾಗಿದ್ದರೆ ಹಳ್ಳಿಯ ನೆಟ್ಟಿಗೆ 2024ರದ್ದೇ ವಾಸಿಯಲ್ಲವೇ?
— ನೀರ್ಚಾಲು

ಉತ್ತರ: ತಿರುಗಾಮುರುಗ. ಜಾಗ ಕಡಿಮೆ ಆದದ್ದು ವಿಮಾನ, ನೆಲ ಎಲ್ಲವನ್ನೂ ಬೇಕಾದಾಗ ಸರ್ವರಿನಿಂದ ತರಿಸಿಕೊಳ್ಳುವುದರಿಂದ. ತಯಾರಕರೇ 2020ಕ್ಕೆ ಕನಿಷ್ಠ 5, ಉತ್ತಮಕ್ಕೆ 20 ಎಂಬಿಪಿಎಸ್ ಎಂದಿದ್ದರು. 2024ಕ್ಕೆ ಕನಿಷ್ಠ 10, ಉತ್ತಮಕ್ಕೆ 50. 2024ರ ನವೆಂಬರ್ 19ರಂದು ಬಿಡುಗಡೆಯಾದ ದಿನ ಸರ್ವರುಗಳೇ ಕುಸಿದು, ಹಣ ಕೊಟ್ಟವರು ಲೋಡಿಂಗ್ ಪರದೆಯ ಮುಂದೆ ಗಂಟೆಗಟ್ಟಲೆ ಕಾದರು. ವೇಗ ಇದ್ದವರೂ ಕಾದರು.

2020ರದ್ದಾದರೆ ನೆಟ್ಟು ದುರ್ಬಲವಾದಾಗ ಫೋಟೊಗ್ರಾಮೆಟ್ರಿ (ಫೋಟೊಗಳಿಂದ ಮಾಡಿದ ನಗರಗಳ 3ಡಿ ರೂಪ) ಆಫ್ ಮಾಡಿ, ರೋಲಿಂಗ್ ಕ್ಯಾಶೆಯನ್ನು (ಇಳಿದ ಚಿತ್ರಗಳನ್ನು ಕೂಡಿಡುವ ಜಾಗವನ್ನು) 8 ಜಿಬಿಯಿಂದ 32ಕ್ಕೋ 64ಕ್ಕೋ ಏರಿಸಿ ಎಸ್‌ಎಸ್‌ಡಿಯಲ್ಲಿ ಇಡಿ. ಒಂದೇ ದಾರಿಯಲ್ಲಿ ಹಾರುವವರಿಗೆ ಇದರಿಂದ ಉಪಯೋಗ ಬಹಳ. ಮಂಗಳೂರಿನಿಂದ ಕಣ್ಣೂರಿಗೆ ನೇರ ಸುಮಾರು 73 ನಾಟಿಕಲ್ ಮೈಲಿ. ನೇತ್ರಾವತಿ ದಾಟಿ ಕರಾವಳಿ ಹಿಡಿದು ಮಂಜೇಶ್ವರ, ಕುಂಬಳೆ, ಚಂದ್ರಗಿರಿ ಹೊಳೆ, ಬೇಕಲ ಕೋಟೆ ಎಂದು ಇಳಿಯುತ್ತಾ ಹೋದರೆ ಮೊದಲ ಸಲ ಚಿತ್ರಗಳೆಲ್ಲ ನೆಟ್ಟಿನಿಂದ ಬರುತ್ತವೆ, ಎರಡನೇ ಸಲ ಹೆಚ್ಚಿನವು ಕ್ಯಾಶೆಯಿಂದಲೇ. ನೆಟ್ಟು ಪೂರ್ತಿ ಆಫ್ ಮಾಡಿದರೂ 2020ರದ್ದರಲ್ಲಿ ಹಾರಬಹುದು. ಆದರೆ ಉಪಗ್ರಹ ಚಿತ್ರ ಇಲ್ಲದ್ದರಿಂದ ನಮ್ಮ ಅಡಿಕೆ ತೋಟ ಎಲ್ಲಿಯದೋ ಹಸಿರು ಬಯಲಿನಂತೆ ಕಾಣುತ್ತದೆ. (ಕಣ್ಣೂರು ನಿಲ್ದಾಣ 2018ರ ಡಿಸೆಂಬರಿನಲ್ಲಿ ತೆರೆದದ್ದು. ಎಫ್‌ಎಸ್‌ಎಕ್ಸ್‌ನಲ್ಲಿ ಹುಡುಕಿ ಸಿಗಲಿಲ್ಲವೆಂದು ಬರೆದವರಿಗೆ ಇದೇ ಉತ್ತರ.)

ಪ್ರಶ್ನೆ: ಜೂನ್-ಜುಲೈಯಲ್ಲಿ ಮರ ಬಿದ್ದು ನಾಲ್ಕೈದು ದಿನ ನೆಟ್ಟು ಇರುವುದಿಲ್ಲ. ಇನ್ವರ್ಟರ್ ಉಂಟು. ಯಾವುದು ಓಡುತ್ತದೆ?
— ಬದಿಯಡ್ಕ

ಉತ್ತರ: ಫ್ಲೈಟ್‌ಗಿಯರ್ ಓಡುತ್ತದೆ, ಆದರೆ ಅದರ ಟೆರ್ರಾಸಿಂಕ್ ಹಾರುತ್ತಾ ಹಾರುತ್ತಾ ನೆಲವನ್ನು ಇಳಿಸುವ ಜಾತಿಯದ್ದು. ಬಿಸಿಲು ಕಾಲದಲ್ಲೇ ಒಮ್ಮೆ ಊರ ಸುತ್ತ ಹಾರಿ ಫೋಲ್ಡರು ತುಂಬಿಸಿಡಿ. ಎಕ್ಸ್‌ಪ್ಲೇನ್ ಓಡುತ್ತದೆ. ಡಿಸಿಎಸ್ ಮೂರು ದಿನದ ನಂತರ ಕೈ ಎತ್ತುತ್ತದೆ. 2024ರದ್ದನ್ನು ಮರೆತುಬಿಡಿ.

ಸ್ಟೀಮ್ ಆಟಗಳು ಆಫ್‌ಲೈನ್ ಮೋಡಿನಲ್ಲಿ ಓಡುತ್ತವೆ, ನೆಟ್ಟು ಇರುವಾಗಲೇ ತಯಾರಿ ಆಗಿರಬೇಕು. ಲಾಗಿನ್ ನೆನಪಿಟ್ಟುಕೊಳ್ಳುವ ಗುರುತು ಹಾಕಿ, ಆಟವನ್ನು ಪೂರ್ತಿ ಅಪ್‌ಡೇಟ್ ಮಾಡಿ, ಒಮ್ಮೆ ತೆರೆದು ಮುಚ್ಚಿ, ಆಮೇಲೆ ಆಫ್‌ಲೈನ್‌ಗೆ ಹೋಗಿ. ಜನ ಸಿಕ್ಕಿಬೀಳುವುದು ಅರ್ಧ ಇಳಿದ ಅಪ್‌ಡೇಟಿನಲ್ಲಿ. 3 ಜಿಬಿಯ ಅಪ್‌ಡೇಟು ಶುರುವಾಗಿ ಮರ ಬಿತ್ತೆಂದರೆ ಹಳೆಯದೂ ಓಡದು, ಹೊಸದೂ ಬಾರದು. ಮಳೆಗಾಲದ ಮಟ್ಟಿಗೆ ಆಟದ ಪ್ರಾಪರ್ಟೀಸ್‌ನಲ್ಲಿ ‘ತೆರೆದಾಗ ಮಾತ್ರ ಅಪ್‌ಡೇಟ್’ ಎಂಬುದನ್ನು ಆರಿಸಿಕೊಳ್ಳಿ.

ಗುಡುಗು ಶುರುವಾದ ಕೂಡಲೇ ಫೈಬರಿನ ಪೆಟ್ಟಿಗೆಯ ಅಡಾಪ್ಟರನ್ನು ಪ್ಲಗ್ಗಿನಿಂದ ಕೀಳಿ. ಫೈಬರಿನ ಗಾಜಿನಲ್ಲಿ ಸಿಡಿಲು ಹರಿಯುವುದಿಲ್ಲ ನಿಜ, ಆದರೆ ಕರೆಂಟಿನ ದಾರಿಯಲ್ಲಿ ಬಂದದ್ದು ಪೆಟ್ಟಿಗೆಯನ್ನು ಸುಟ್ಟು, ಅಲ್ಲಿಂದ ಲ್ಯಾನ್ ತಂತಿಯಲ್ಲಿ ಮದರ್‌ಬೋರ್ಡಿಗೂ ಇಳಿಯಬಹುದು. ಲ್ಯಾನ್ ತಂತಿಯನ್ನೂ ಕಂಪ್ಯೂಟರಿನ ತುದಿಯಲ್ಲಿ ಕಿತ್ತಿಡಿ.